ಮಾತ್ರೆ ಬಿಡುವ ಮುನ್ನ



ಖಿನ್ನತೆಯ ಮಾತ್ರೆ ಎಷ್ಟು ದಿನ ನುಂಗಬೇಕು? ಮನೆಯಲ್ಲಿ ಹೊಡೆತ ತಿಂದ ಅನೇಕ ಅಕ್ಕತಂಗಿಯರು ಕೇಳುವ ಪ್ರಶ್ನೆ ಇದು.

ಮೊದಲ ಸಲ ಖಿನ್ನತೆ ಬಂದವರು ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ಮುಂದುವರಿಸಬೇಕು. ಮತ್ತೆ ಮತ್ತೆ ಮರುಕಳಿಸಿದರೆ 2 ವರ್ಷ ಅಥವಾ ಹೆಚ್ಚು. ಇದು ಹೆಂಡದಂತೆ ಚಟವಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ಕಳವಳ, ನಿದ್ದೆಗೇಡು ಕಾಡಬಹುದು. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಗಂಡನೋ ಅತ್ತೆಯೋ ‘ಹುಚ್ಚಿಯ ಮಾತ್ರೆ’ ಎಂದು ಹಂಗಿಸಿದರೆಂದು ಬಿಡಬೇಡಿ. ವಿಚ್ಛೇದನದ ಬೆದರಿಕೆಗೂ ಹೆದರಬೇಡಿ. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಕೊಡಲು ಮಾನಸಿಕ ಕಾಯಿಲೆ ಇದೆ ಎಂಬುದಷ್ಟೇ ಸಾಲದೆಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ.

ಹಾಗೆಂದು ಮಾತ್ರೆ ಹೊಡೆಯುವ ಕೈಯನ್ನು ತಡೆಯದು. ಹೊಡೆಯುವವನು ಅವನು, ಮದ್ದು ಇವಳಿಗೆ ಮಾತ್ರ ಎಂದರೆ ಯಾವ ನ್ಯಾಯ? ಅವನನ್ನು ತಡೆಯಲು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ನಮ್ಮ ಸಂಘಟನೆಯ ಬಲವಿದೆ.

ವೈದ್ಯರ ಮುಂದೆ ನಿದ್ದೆಯಿಲ್ಲ ಎಂದಷ್ಟೇ ಹೇಳಬೇಡಿ, ಹೊಡೆತದ ವಿಷಯವನ್ನೂ ಹೇಳಿ. ಮನೆಯಲ್ಲಿ ಹಿಂಸೆ ನಿಂತಿದೆಯೇ, ಹಿಂದೆ ಎಷ್ಟು ಸಲ ಕಾಯಿಲೆ ಮರುಕಳಿಸಿತ್ತು, ಮಾತ್ರೆಯಿಂದ ತೊಂದರೆಯಾಗುತ್ತಿದೆಯೇ, ಇವೆಲ್ಲವನ್ನೂ ತೂಗಿ ನೋಡಿ. ಮುಂದುವರಿಸುವುದೋ ಬಿಡುವುದೋ, ವೈದ್ಯರೊಡನೆ ಮಾತಾಡಿ ನೀವೇ ತೀರ್ಮಾನಿಸಿ. ಆ ಹಕ್ಕು ನಿಮ್ಮದು.