ಈರುಳ್ಳಿಯ ಘಾಟು, ಕಡಲೆಕಾಯಿಯ ಹಳದಿ

ಈ ಹೊತ್ತಿನ ಮಾತು ನಿಮ್ಮ ಅಡಿಗೆಮನೆಯಿಂದಲೇ ಶುರು.

ಇಡೀ ಈರುಳ್ಳಿಗೆ ಅಷ್ಟು ವಾಸನೆಯಿಲ್ಲ. ಹೆಚ್ಚಿದಿರೋ, ಕಣ್ಣಲ್ಲಿ ನೀರು. ಬೆಳ್ಳುಳ್ಳಿಯನ್ನು ಜಜ್ಜಬೇಕು, ಆಗ ಘಾಟು. ಸಾಸಿವೆಯನ್ನು ನೀರು ಹಾಕಿ ಅರೆದಾಗಲೇ ಮೂಗಿಗೆ ಏರೋದು. ಮೂರರ ಗುಟ್ಟೂ ಒಂದೇ, ಗಂಧಕ. ಹೌದು, ಪಟಾಕಿಗೆ ಹಾಕುವ ಅದೇ ಗಂಧಕ.

ಆದರೆ ಗಿಡದ ಬೇರು ಈ ಹಳದಿ ಪುಡಿಯನ್ನು ಹಾಗೇ ತಿನ್ನಲಾರದು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಸಲ್ಫೇಟ್ ಮಾಡಿಕೊಡಬೇಕು. ಕೊಟ್ಟಿಗೆ ಗೊಬ್ಬರದೊಳಗಿನ ಗಂಧಕಕ್ಕೂ ಇದೇ ದಾರಿ. ನೀರಲ್ಲಿ ಕರಗಿದ ಸಲ್ಫೇಟನ್ನು ಬೇರು ಒಳಕ್ಕೆ ಎಳೆದುಕೊಳ್ಳುತ್ತದೆ. ಅದು ನೀರಿನ ಜೊತೆ ಕಾಂಡದ ನಾಳಗಳಲ್ಲಿ ಎಲೆಗೆ ಏರುತ್ತದೆ. ಎಲೆಯ ಹಸಿರು ಕಣಗಳಲ್ಲಿ, ಬಿಸಿಲಿನ ಬಲದಿಂದ, ಅದಕ್ಕೆ ಅಂಟಿದ ಆಮ್ಲಜನಕ ಬಿಟ್ಟುಹೋಗಿ ಸಿಸ್ಟೀನ್ ಎಂಬ ವಸ್ತು ತಯಾರಾಗುತ್ತದೆ. ಬೇಳೆಕಾಳಿನ ಸಸಾರಜನಕಕ್ಕೂ, ಈರುಳ್ಳಿಯ ಖಾರಕ್ಕೂ ಗಂಧಕ ಸಿಗುವುದು ಇಲ್ಲಿಂದಲೇ.

ಈರುಳ್ಳಿ ಬಲು ಜಾಣ. ಖಾರದ ಕಚ್ಚಾಮಾಲನ್ನು ಒಂದು ಕೋಣೆಯಲ್ಲಿ, ಅದನ್ನು ಒಡೆಯುವ ಕಿಣ್ವವನ್ನು ಇನ್ನೊಂದು ಕೋಣೆಯಲ್ಲಿ ಇಟ್ಟಿರುತ್ತದೆ. ಈಳಿಗೆ ತಗಲಿ ಗೋಡೆ ಒಡೆದಾಗ ಎರಡೂ ಬೆರೆತು ಘಾಟು ಹುಟ್ಟುತ್ತದೆ. ಕಣ್ಣೀರು ತರಿಸೋದಕ್ಕೆ ಬೇರೆಯದೇ ಒಂದು ಕಿಣ್ವ ಉಂಟೆಂದು ಜಪಾನಿನ ವಿಜ್ಞಾನಿಗಳು 2002ರಲ್ಲಿ ಕಂಡುಹಿಡಿದರು. ಅಮೆರಿಕದ ಜಾರ್ಜಿಯಾದಲ್ಲಿ ವಿಡಾಲಿಯಾ ಎಂಬ ಸಿಹಿ ಈರುಳ್ಳಿ ಬೆಳೆಯುತ್ತಾರೆ. ಅಲ್ಲಿನ ಮರಳುನೆಲದಲ್ಲಿ ಗಂಧಕ ಕಡಿಮೆ, ಆದ್ದರಿಂದ ಖಾರವೂ ಕಡಿಮೆ. ನಮ್ಮ ಸಾರಿಗೆ ಅದು ಸಪ್ಪೆಯೇ ಬಿಡಿ.

ಇನ್ನು ಹೊಲಕ್ಕೆ ಬರೋಣ. ನಮ್ಮ ಕಡೆಯ ಹಿರಿಯರೊಬ್ಬರ ಕಡಲೆಕಾಯಿ ಬೆಳೆ ಹಳದಿ ತಿರುಗಿತ್ತು. ಸಾಲ ತಂದು ಎರಡು ಸಲ ಯೂರಿಯಾ ಹಾಕಿದರು. ಹಳದಿ ಹೋಗಲಿಲ್ಲ. "ಇನ್ನೊಂದು ಚೀಲ ಹಾಕ್ಲಾ ಸ್ವಾಮಿ?" ಅಂತ ಕೇಳಿದರು. ಬಗ್ಗಿ ನೋಡಿದೆ: ಕೆಳಗಿನ ಹಳೇ ಎಲೆ ಹಸಿರು, ತುದಿಯ ಎಳೇ ಎಲೆ ಹಳದಿ. ಅದೇ ಗುರುತು! ಸಾರಜನಕ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ತೆಗೆದು ಎಳೇದಕ್ಕೆ ಕೊಡುತ್ತದೆ, ಹಳೇದು ಮೊದಲು ಹಳದಿಯಾಗುತ್ತದೆ. ಗಂಧಕ ಹಾಗೆ ಸುಲಭವಾಗಿ ಜಾಗ ಬಿಡದು. ಎಳೇ ಎಲೆಯೇ ಸೊರಗುತ್ತದೆ. ಒಂದು ಎಚ್ಚರ: ಎಳೇ ಎಲೆಯ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾದರೆ ಅದು ಕಬ್ಬಿಣದ ಕೊರತೆ ಇರಬಹುದು. ಸುಣ್ಣದ ನೆಲದಲ್ಲಿ ಇದು ಸಾಮಾನ್ಯ. ಅನುಮಾನವಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ.

ಈ ಕೊರತೆ ಬಂದದ್ದೇಕೆ? ಹಿಂದೆ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೀಳುತ್ತಿತ್ತು. ಅಮೋನಿಯಂ ಸಲ್ಫೇಟಿನಲ್ಲಿ ನೂರಕ್ಕೆ ಸುಮಾರು 24 ಪಾಲು ಗಂಧಕ, ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಸುಮಾರು 11 ಪಾಲು. ಕೇಳದೇ ಬರುತ್ತಿದ್ದ ಕೊಸರು ಅದು. ಡಿ.ಎ.ಪಿ.ಯಲ್ಲಿ, ಬರೀ ಯೂರಿಯಾದಲ್ಲಿ ಗಂಧಕವೇ ಇಲ್ಲ.

ಕಡಲೆಕಾಯಿಗೆ ಜಿಪ್ಸಂ ಒಳ್ಳೆಯದು. ಎಕರೆಗೆ 200 ಕಿಲೋ ವಾಡಿಕೆ. ಅದರಲ್ಲಿ ಗಂಧಕದ ಜೊತೆ ಸುಣ್ಣದಂಶವೂ ಉಂಟು. ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಸುತ್ತಲ ಮಣ್ಣಿನಿಂದ ತಾನೇ ಹೀರಿಕೊಳ್ಳುತ್ತದೆ. ಹಾಗಾಗಿ ದೂರ ಎರಚಿದರೆ ಉಪಯೋಗವಿಲ್ಲ. ಹೂ ಬಿಡುವ ಹೊತ್ತಿಗೆ, ಹೂಡು ನೆಲಕ್ಕೆ ಇಳಿಯೋದಕ್ಕೆ ಮುಂಚೆ, ಮಣ್ಣಲ್ಲಿ ಹಸಿಯಿದ್ದಾಗ ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸಿ. ಹೂಡು ಇಳಿದ ಮೇಲೆ ಕುಂಟೆ ಆಡಿಸಬೇಡಿ, ಕಾಯಿ ಕಿತ್ತುಬರುತ್ತದೆ. ಈರುಳ್ಳಿಗಾದರೆ ರಂಜಕದ ಗೊಬ್ಬರವನ್ನು ಸೂಪರ್ ಫಾಸ್ಫೇಟ್ ರೂಪದಲ್ಲೇ ಕೊಂಡು, ನಾಟಿಗೆ ಮುಂಚೆ ಮಣ್ಣಿಗೆ ಬೆರೆಸಿ.