ಗಾಜಿನ ಬಾಟಲಿ ತೊಳೆದಿಡಿ

ಏಪ್ರಿಲ್ ಮಧ್ಯಾಹ್ನ ನಮ್ಮ ಬೀದಿಯ ಅಂಗಡಿ ಮುಂದೆ 20 ಲೀಟರಿನ ನೀರಿನ ಕ್ಯಾನ್‌ಗಳು ಬಿಸಿಲಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಮುಟ್ಟಿದರೆ ಕೈ ಚುರುಕ್ಕೆನ್ನುತ್ತದೆ. ಮೈತುಂಬ ಗೀರು, ಮಾಸಿದ ನೀಲಿ. ಹಸುಗೂಸಿನ ಪುಡಿಹಾಲು ಕಲಸುವುದೂ ಅದೇ ನೀರಲ್ಲಿ.

ಅನುಮಾನಪಟ್ಟು ಕೇಳಿದರೆ ಅಂಗಡಿಯವರು ಟಿಡಿಎಸ್ ಮೀಟರ್ ಅದ್ದಿ, "ನೋಡಿ ಸಾರ್, 50 ಅಷ್ಟೇ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮೀಟರ್ ತೋರಿಸುವುದು ನೀರಲ್ಲಿ ಕರಗಿದ ಲವಣದ ಲೆಕ್ಕವನ್ನು ಮಾತ್ರ. ಪಾಲಿಕಾರ್ಬೊನೇಟ್ ಕ್ಯಾನು ಬಿಸಿಗೆ ಬಿಡುವ ಬಿಸ್ಫೆನಾಲ್-ಎ, ಮೆದು ಪಿವಿಸಿ ಪೈಪಿನಿಂದ ಇಳಿಯುವ ಥ್ಯಾಲೇಟ್ ಅದಕ್ಕೆ ಸಿಗುವುದೇ ಇಲ್ಲ. ನಮ್ಮ ಹಾರ್ಮೋನುಗಳ ಕೆಲಸ ಕೆಡಿಸಬಲ್ಲ ರಾಸಾಯನಿಕಗಳು ಇವು. ಡಿಇಎಚ್‌ಪಿ ಎಂಬ ಥ್ಯಾಲೇಟಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 8 ಮೈಕ್ರೊಗ್ರಾಂ. ಎಂದರೆ 6,250 ಕ್ಯಾನ್ ನೀರಿಗೆ ಒಂದೇ ಗ್ರಾಂ! ನಾಲಿಗೆಗೆ ಇದು ಎಲ್ಲಿ ತಿಳಿದೀತು?

ರಸಾಯನಶಾಸ್ತ್ರ ಓದುವ ಹುಡುಗ ಹುಡುಗಿಯರೇ, ಇದನ್ನು ಹಿಡಿಯಬಲ್ಲವರು ನೀವು. ನಿಮ್ಮ ವಿಶ್ವವಿದ್ಯಾಲಯದಲ್ಲಿ ಇಂಥ ರಾಸಾಯನಿಕ ಗುರುತಿಸುವ ಜಿಸಿ-ಎಂಎಸ್ ಯಂತ್ರ ಇದೆಯೇ, ವಿಚಾರಿಸಿ. ಇಲ್ಲವೇ ಚಂದಾ ಎತ್ತಿ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಕಳಿಸಿ. ನೀರಿನ ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಲೇಬೇಡಿ, ನೀವು ಹುಡುಕುವುದನ್ನು ಅದೇ ನೀರಿಗೆ ಬೆರೆಸಿಬಿಡುತ್ತದೆ. ಕಂದು ಗಾಜಿನ ಬಾಟಲಿ ಇರಲಿ, ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆ ಇರಲಿ. ಲ್ಯಾಬಿನ ಶುದ್ಧ ನೀರು ತುಂಬಿದ ಇನ್ನೊಂದು ಗಾಜಿನ ಬಾಟಲಿಯನ್ನೂ ಜೊತೆಗೇ ಒಯ್ಯಿರಿ. ಅದರಲ್ಲೂ ಥ್ಯಾಲೇಟ್ ಕಂಡರೆ ತಪ್ಪು ನಿಮ್ಮ ಕೈಯದೇ ಇರಬಹುದು. ಬಡ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆಯುವ ಮೊದಲು ಇಷ್ಟು ನ್ಯಾಯ ಬೇಕೇ ಬೇಕು.

'ನಮ್ಮ ಮಾತು ಯಾರು ಕೇಳುತ್ತಾರೆ' ಎನ್ನಬೇಡಿ. 2000ನೇ ಇಸವಿಯಲ್ಲಿ ಅಮೆರಿಕದ ಪಾರ್ಕರ್ಸ್‌ಬರ್ಗ್ ಬಳಿ ಜೋ ಕೈಗರ್ ಎಂಬುವರಿಗೆ ನೀರಿನ ಬಿಲ್ಲಿನೊಂದಿಗೆ ಒಂದು ಚೀಟಿ ಬಂತು: ನೀರಲ್ಲಿ ಸಿ8 ಇದೆ. ಅದು ಟೆಫ್ಲಾನ್ ತಯಾರಿಕೆಗೆ ಬಳಸುತ್ತಿದ್ದ ರಾಸಾಯನಿಕ. ಕೈಗರ್ ವಿಜ್ಞಾನಿಯಲ್ಲ, ಪಿಟಿ ಮೇಷ್ಟ್ರು. ಹಾಗೆಂದರೇನು ಎಂದು ಕಚೇರಿ ಕಚೇರಿಗೆ ಫೋನ್ ಮಾಡಿದರು, ಬಿಡಲೇ ಇಲ್ಲ. ಕೊನೆಗೆ ವಿಷಯ ಕೋರ್ಟು ಮುಟ್ಟಿತು. ಸುಮಾರು 69,000 ಜನ ಪರೀಕ್ಷೆಗೆ ರಕ್ತ ಕೊಟ್ಟರು. ಮೂತ್ರಪಿಂಡದ ಕ್ಯಾನ್ಸರ್ ಸೇರಿ ಆರು ಕಾಯಿಲೆಗಳಿಗೆ ಸಿ8ರ ನಂಟು ಇರುವ ಸಂಭವವಿದೆ ಎಂದು 2012ರ ಹೊತ್ತಿಗೆ ವಿಜ್ಞಾನಿಗಳ ಸಮಿತಿ ಹೇಳಿತು.

ಇವತ್ತು ರಾತ್ರಿಯೇ ಬಾಟಲಿ ತೊಳೆದು ಬೋರಲು ಹಾಕಿಡಿ. ಬೆಳಿಗ್ಗೆ ಕ್ಯಾನ್ ಗಾಡಿ ಬರುತ್ತದೆ.