ಅಗ್ಗದ ಬಂದೂಕ

ಹಿಂದಿನ ಧಾರಣೆವಾಸಿಯನ್ನು ನೆನೆದು ನಿಟ್ಟುಸಿರು ಬಿಡುವುದು ನಮ್ಮ ಮನೆಗಳಲ್ಲಿ ಹಿರಿಯರಿಗೆ ಸಲ್ಲುವ ಹಕ್ಕು. ಅಕ್ಕಿ ಹೀಗಿತ್ತು, ತುಪ್ಪ ಹೀಗಿತ್ತು ಎಂದು ಅವರು ಹೇಳುವಾಗ ಕಿರಿಯರು ತಲೆದೂಗಬೇಕಷ್ಟೆ. ಅಮೆರಿಕಾ ದೇಶದಲ್ಲಿ ಇದೇ ನಿಟ್ಟುಸಿರನ್ನು ಹಳೆಯ ಬಂದೂಕಗಳನ್ನು ಕುರಿತು ಬಿಡುವ ಒಂದು ಪಂಗಡವೇ ಉಂಟು. ಹದಿನೈದು ಡಾಲರಿಗೆ ಬರುತ್ತಿದ್ದಾಗ ಒಂದರ ಬದಲು ಹತ್ತನ್ನು ಕೊಳ್ಳದೆಹೋದೆವಲ್ಲಾ ಎಂಬುದು ಅವರ ಪಲ್ಲವಿ. ಕೊಲ್ಲುವ ಸಾಧನದ ಮೇಲೆ ಇಷ್ಟೊಂದು ಮಮತೆಯೇ ಎಂದು ಶ್ರೋತೃಗಳಲ್ಲಿ ಕೆಲವರಿಗೆ ಅನ್ನಿಸಬಹುದು. ನಮಗೂ ಹಾಗೆಯೇ ಅನ್ನಿಸಿತ್ತು. ಆದರೆ ಅವರು ಹೊಗಳುವ ಬಂದೂಕಗಳಲ್ಲೊಂದು ನಮ್ಮ ಹಳೆಯ ಪರಿಚಯದ್ದೆಂದು ತಿಳಿದ ಮೇಲೆ ಆ ಮಾತಿಗೆ ಕಿವಿಗೊಡದೆ ಇರಲಾಗಲಿಲ್ಲ.

ಅದು ತ್ರೀ ನಾಟ್ ತ್ರೀ ರೈಫಲು, ಅಂದರೆ ಲೀ-ಎನ್‌ಫೀಲ್ಡ್. ಕಾಲೇಜಿನಲ್ಲಿ ಓದುತ್ತಿದ್ದಾಗ ಎನ್.ಸಿ.ಸಿ. ಕವಾಯಿತಿನಲ್ಲಿ ನಾವು ಅದನ್ನು ಹೊತ್ತವರು. ಗುಂಡು ಹಾರದಂತೆ ಮಾಡಿ ಕವಾಯಿತಿಗೆಂದೇ ಮೀಸಲಿರಿಸಿದ್ದ ಕೋವಿ. ತೂಕ ಸುಮಾರು ನಾಲ್ಕು ಕಿಲೋಗ್ರಾಂ. ಬಿಸಿಲಿನಲ್ಲಿ ಅರ್ಧ ಗಂಟೆ ಕಳೆಯಿತೆಂದರೆ ನಾಲ್ಕು ನಲವತ್ತಾಗಿ ತೋರುತ್ತಿತ್ತು. ಅದರ ಮರವೋ, ನಮಗಿಂತ ಹಿಂದೆ ಹಿಡಿದ ಅಂಗೈಗಳಿಂದ ನುಣುಪೇರಿ ಹಳೆಯ ಮನೆಯ ಕಂಬದಂತಿತ್ತು. ಅದಕ್ಕೊಂದು ಬೆಲೆಯುಂಟೆಂಬ ಯೋಚನೆ ಆಗ ನಮ್ಮಲ್ಲಿ ಯಾರಿಗೂ ಬಂದುದಿಲ್ಲ.

ಅದು ಅಗ್ಗವಾದ ಬಗೆಯನ್ನು ಸ್ವಲ್ಪ ವಿಚಾರಿಸೋಣ. ಈ ರೈಫಲಿನ ಪ್ರಸಿದ್ಧ ಮಾದರಿ 1907ರಲ್ಲಿ ಬಂದಿತು. ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದ ಲಿತ್ಗೊ ಎಂಬಲ್ಲಿ, ನಮ್ಮ ಬಂಗಾಳದ ಈಶಾಪುರದಲ್ಲಿ ಅದು ತಯಾರಾಗಿ ಎರಡು ಮಹಾಯುದ್ಧಗಳನ್ನು ಕಂಡಿತು. ಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ಬಂದೂಕಗಳಿಗೆ ಎಣ್ಣೆ ಸವರಬೇಕು, ಉಗ್ರಾಣ ಬೇಕು, ಕಾವಲು ಬೇಕು. ಅಷ್ಟರಲ್ಲಿ ತಾನೇ ತೋಟಾ ತುಂಬಿಕೊಳ್ಳುವ ಹೊಸ ರೈಫಲುಗಳು ಬಂದವು. ಸರಕಾರಗಳು ಹಳೆಯವನ್ನು ಹೇಗಾದರೂ ಸಾಗಹಾಕಿದರೆ ಸಾಕೆಂದವು. ಕೊಳ್ಳಲು ಸಿದ್ಧನಾಗಿದ್ದವನು ಸ್ಯಾಮ್ಯುಯೆಲ್ ಕಮಿಂಗ್ಸ್ ಎಂಬ ವರ್ತಕ. 1953ರಲ್ಲಿ ವ್ಯಾಪಾರವನ್ನು ಆರಂಭಿಸಿ, ವರ್ಜೀನಿಯಾದ ಅಲೆಕ್ಸಾಂಡ್ರಿಯಾ ನಗರದಲ್ಲಿ ಪೊಟೋಮ್ಯಾಕ್ ನದಿಯ ದಡದ ಉಗ್ರಾಣಗಳನ್ನು ನಾನಾ ದೇಶದ ಸೈನ್ಯಗಳ ಆಯುಧಗಳಿಂದ ತುಂಬಿದನು. ಬೇಟೆಗಾರರ ಪತ್ರಿಕೆಗಳಲ್ಲಿ ಇಂತಹ ಸರಕಿನ ಜಾಹೀರಾತು ಬರುತ್ತಿತ್ತು. ಚೀಟಿ ಕತ್ತರಿಸಿ, ಹತ್ತೋ ಹದಿನೈದೋ ಡಾಲರು ಕಳುಹಿಸಿದರೆ ರೈಫಲು ಮನೆಬಾಗಿಲಿಗೆ ಬರುತ್ತಿತ್ತು.

ಈ ವ್ಯಾಪಾರಕ್ಕೊಬ್ಬ ಮೂಲಪುರುಷನೂ ಇದ್ದನು. ನ್ಯೂಯಾರ್ಕಿನ ಫ್ರಾನ್ಸಿಸ್ ಬ್ಯಾನರ್ಮನ್ 1898ರ ಸ್ಪ್ಯಾನಿಷ್ ಯುದ್ಧದ ಸಾಮಗ್ರಿಯನ್ನು ಸಗಟಾಗಿ ಕೊಂಡು, ಅಷ್ಟು ಮದ್ದನ್ನು ಊರೊಳಗೆ ಇಡಲಾಗದೆ, 1900ರಲ್ಲಿ ಹಡ್ಸನ್ ನದಿಯ ನಡುವೆ ಒಂದು ದ್ವೀಪವನ್ನೇ ಕೊಂಡನು! ಅಲ್ಲಿ ಕೋಟೆಯಂತಹ ಉಗ್ರಾಣವನ್ನು ಕಟ್ಟಿಸಿದನು. ಅವನು ತೀರಿಕೊಂಡ ಎರಡು ವರ್ಷಕ್ಕೆ, 1920ರಲ್ಲಿ, ಮದ್ದು ಸಿಡಿದು ಅದರ ಒಂದು ಭಾಗ ಹಾರಿಹೋಯಿತು.

ಹಳೆಯ ಬೆಲೆಯನ್ನು ಹಾಡಿಹೊಗಳುವವರು ಮೆಲ್ಲನೆ ದಾಟಿಹೋಗುವ ಸಂಗತಿಯೊಂದಿದೆ. 1963ರ ಮಾರ್ಚಿನಲ್ಲಿ ಇಂತಹುದೇ ಜಾಹೀರಾತನ್ನು ನೋಡಿ, ದುರ್ಬೀನು ಸಹಿತವಾದ ಒಂದು ಇಟಾಲಿಯನ್ ರೈಫಲನ್ನು 19 ಡಾಲರು 95 ಸೆಂಟಿಗೆ, ಸುಳ್ಳು ಹೆಸರಿನಲ್ಲಿ, ಅಂಚೆಯ ಮೂಲಕ ತರಿಸಿಕೊಂಡವನು ಲೀ ಹಾರ್ವೆ ಆಸ್ವಾಲ್ಡ್. ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದುದು ಆ ರೈಫಲು. 1968ರ ಕಾನೂನು ಪರರಾಜ್ಯದಿಂದ ಅಂಚೆಯಲ್ಲಿ ಬಂದೂಕ ತರಿಸುವುದನ್ನೂ ಸೈನ್ಯಗಳ ಹಳೆಯ ಆಯುಧಗಳ ಆಮದನ್ನೂ ತಡೆಯಿತು. ಆಮದಿನ ನಿರ್ಬಂಧ 1980ರ ದಶಕದಲ್ಲಿ ಸಡಿಲವಾಯಿತು. ಅಂಚೆಯ ಚೀಟಿಯ ಕಾಲ ಮರಳಲಿಲ್ಲ. ಅದು ಮರಳಲೆಂದು ನಾವಂತೂ ಹಾರೈಸಲಾರೆವು.

ಅಗ್ಗವೆಂಬುದೂ ಲೆಕ್ಕ ಹಾಕಿ ನೋಡಿದರೆ ಅಷ್ಟೇನಲ್ಲ. 1960ರ ಹದಿನೈದು ಡಾಲರು ಇಂದಿನ ನೂರೈವತ್ತಕ್ಕೆ ಮಿಗಿಲು. ಆದರೂ ಇಂದು ಕೆಡದ ಒಂದು ಲೀ-ಎನ್‌ಫೀಲ್ಡಿಗೆ ಅದಕ್ಕಿಂತ ಹೆಚ್ಚು ಕೊಡಬೇಕು. ಏಕೆ? ಅಗ್ಗವಾಗಿದ್ದುದರಿಂದಲೇ ಎಂದು ನಮ್ಮ ಅಭಿಪ್ರಾಯ. ಹದಿನೈದು ಡಾಲರಿನ ವಸ್ತುವಿಗೆ ಯಾರು ಮರ್ಯಾದೆ ಕೊಡುತ್ತಾರೆ? ಕೊಂಡವರು ಜಿಂಕೆ ಬೇಟೆಗೆ ಹಗುರವಾಗಲೆಂದು ಮುಂಭಾಗದ ಅಕ್ರೋಟು ಮರವನ್ನು ಗರಗಸದಿಂದ ಕೊಯ್ದರು, ನಳಿಗೆಯನ್ನು ಮೊಟಕುಮಾಡಿದರು. ಜೊತೆಗೆ ದೊರೆಯುತ್ತಿದ್ದ ಅಗ್ಗದ ತೋಟಾಗಳು ಸುಟ್ಟಾಗ ಒಂದು ಬಗೆಯ ಉಪ್ಪನ್ನು ಬಿಡುತ್ತವೆ. ಬಿಸಿನೀರಿನಿಂದ ತೊಳೆಯದಿದ್ದರೆ ನಳಿಗೆಯ ಒಳಮೈ ತುಕ್ಕು ಹಿಡಿಯುತ್ತದೆ. ಎಷ್ಟೋ ಮಂದಿ ತೊಳೆಯಲಿಲ್ಲ. ಹೀಗೆ ಕೊಯ್ಯದೆ, ಕೆಡದೆ ಉಳಿದವು ವಿರಳವಾದವು. ಅಂದು ಸ್ವಹಸ್ತದಿಂದ ಗರಗಸ ಹಾಕಿದವರೇ ಇಂದು ಹುಡುಕಾಡುತ್ತ ನಿಟ್ಟುಸಿರು ಬಿಡುವುದೂ ಉಂಟು.

ನಮ್ಮ ಈಶಾಪುರದ ರೈಫಲುಗಳೂ ಆ ಸಂತೆಗೆ ಹೋದವು. 1962ರ ಚೀನಾ ಯುದ್ಧದ ತರುವಾಯ ಅಲ್ಲಿ ಇದೇ ಮಾದರಿಯನ್ನು 7.62 ಮಿಲಿಮೀಟರಿನ ಹೊಸ ತೋಟಾಕ್ಕೆ ಹೊಂದಿಸಿ ಮಾಡಿದ್ದರು. ಅಮೆರಿಕಾದವರು ಮೊದಲು ಅವನ್ನು ಕೀಳೆಂದು ಭಾವಿಸಿ, ಈಗ ಆದರದಿಂದ ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿಯಾದರೋ ತ್ರೀ ನಾಟ್ ತ್ರೀ ಬಲುಕಾಲ ದುಡಿಯುತ್ತಲೇ ಇತ್ತು. 2008ರ ನವೆಂಬರ್ 26ರಂದು ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ಹಂತಕರ ಯಂತ್ರಕೋವಿಗಳಿಗೆ ಎದುರಾಗಿ ಪೋಲೀಸರ ಕೈಯಲ್ಲಿದ್ದುದು ಇದೇ. ಸಂಗ್ರಹಕಾರನ ಬೀರುವಿನಲ್ಲಿ ಭೂಷಣವಾದ ವಸ್ತು ಆ ರಾತ್ರಿ ಆ ಬಡಪಾಯಿಗಳ ಪಾಲಿಗೆ ಏನಾಗಿತ್ತೆಂಬುದನ್ನು ನೆನೆದರೆ ಹಳಮೆಯ ಮೋಹ ತುಸು ಇಳಿಯುತ್ತದೆ. ಉತ್ತರ ಪ್ರದೇಶದ ಪೋಲೀಸರು 2020ರಲ್ಲಿ ಅದಕ್ಕೆ ವಿದಾಯ ಹೇಳಿದರು.

ನಮ್ಮ ಕವಾಯಿತಿನ ಕೋವಿಯ ಮುಂಭಾಗದ ಮರದಲ್ಲಿ ಅಡ್ಡಲಾಗಿ ಒಂದು ತಿರುಪಿತ್ತು. ಯಾವನೋ ಹಳ್ಳಿಯ ಬಡಗಿ ಒಡಕಿಗೆ ಹಾಕಿದ ತೇಪೆಯೆಂದು ನಗುತ್ತಿದ್ದೆವು. ಮರ ಸೀಳದಿರಲೆಂದು ಈಶಾಪುರದ ಕಾರ್ಖಾನೆಯವರೇ ಬುದ್ಧಿಪೂರ್ವಕವಾಗಿ ಇಟ್ಟದ್ದು ಅದು. ಅಮೆರಿಕಾದ ಸಂಗ್ರಹಕಾರರು ಆ ತಿರುಪನ್ನು ನೋಡಿಯೇ ಈಶಾಪುರದ್ದೆಂದು ಗುರುತಿಸುತ್ತಾರಂತೆ. ಇದು ನಮಗೆ ತಿಳಿದುದು ಕೋವಿಯನ್ನು ಹಿಂದಿರುಗಿಸಿ ಇಪ್ಪತ್ತು ವರ್ಷಗಳಾದ ಮೇಲೆ.